ಅವಳು ಕೊಟ್ಟ ಒತ್ತು

“ಮತ್ತೆ ಒತ್ತು ಬಿಟ್ಟಿದೀರಿ. ‘ತಪದೆ ಬನ್ನಿ’ ಅಂತ ಕರೆದ್ರೆ ಯಾರು ಬರ್ತಾರೆ?”

“ಒತ್ತು ಬಿಟ್ರೆ ತಾನೆ ನೀವು ನನ್ನ ಕರೆಯೋದು, ತಿದ್ದಮ್ಮ?”

ಪ್ರೆಸ್ಸಿನಲ್ಲಿ ಕರಡು ತಿದ್ದುವವಳಿಗೆ ಆ ಹೆಸರಿಟ್ಟವನು ಈ ಪೇಂಟರೇ. ಮೊದಲು ಕುಂಚ ಒರೆಸಲು ರದ್ದಿ ಕಾಗದ ಕೇಳಿಕೊಂಡು ಬರುತ್ತಿದ್ದ. ಈಗ ತನ್ನ ಚಿತ್ರಪ್ರದರ್ಶನದ ಆಮಂತ್ರಣ ಹಿಡಿದು ನಾಲ್ಕನೆಯ ಸಲ ಬಂದಿದ್ದ. ಅವಳು ತಲೆ ತಗ್ಗಿಸಿ ಕೆಂಪು ಪೆನ್ನು ಆಡಿಸಿದಳು. ತುಟಿಯಂಚಿನಲ್ಲಿ ಕದ್ದು ಕುಳಿತ ನಗುವನ್ನು ಅವನು ಕಂಡೇ ಕಂಡ.

“ಭಾನುವಾರ ಜನ ಬರ್ತಾರೆ. ಅದಕ್ಕೆ ಮುಂಚೆ ನೀವೊಬ್ರೇ ಬಂದು ನೋಡಿ. ಆಮೇಲೆ ಒಂದು ಮಾತು ಕೇಳೋದಿದೆ.”

ಯಾವ ಮಾತೆಂದು ಅವಳಿಗೆ ಗೊತ್ತಿತ್ತು. ಉತ್ತರವೂ ಎಂದೋ ಸಿದ್ಧವಾಗಿತ್ತು.

ಸಂಜೆ ಪ್ರದರ್ಶನದ ಕೋಣೆಗೆ ಹೋದಳು. ಗೋಡೆಯ ತುಂಬ ಒಂದೇ ಚಿತ್ರ: ಸುಟ್ಟು ಕರಕಲಾದ ಹೊಲಿಗೆಯಂತ್ರ. ಸೂಜಿಯ ಕೆಳಗೆ ಬಟ್ಟೆಯ ಬದಲು ಅಂಟಿಸಿದ್ದ ಒಂದು ಕರಪತ್ರದ ಕರಡು. ‘ಆ ಓಣಿಯವರನ್ನು ಅಟ್ಟುವುದು ಪಾಪವಲ್ಲ, ದೇವರ ಸೇವೆ.’ ‘ಪಾಪವಲ್ಲ’ದ ಕೊನೆಯ ‘ಲ’ದ ಕೆಳಗೆ ಕೆಂಪು ಶಾಯಿಯ ಒತ್ತು.

“ನಿಮ್ಮ ಪ್ರೆಸ್ಸಿನ ರದ್ದಿಯಲ್ಲೇ ಸಿಕ್ತು. ಇದನ್ನ ಹಂಚಿದ ಮೂರನೇ ದಿನ ಆ ಓಣಿಯ ದರ್ಜಿ ಅಂಗಡಿಗೆ ಬೆಂಕಿ ಬಿತ್ತು. ಕೈಮುಗಿದು ಹಚ್ಚಿದ್ರಂತೆ! ಬರೆದವನಿಗೆ ‘ಪಾಪವಲ್ಲ’ ಅಂತ ಬರೆಯೋಕೂ ಬಂದಿರ್ಲಿಲ್ಲ. ನಿಮಗಿಂತ ಮುಂಚೆ ಇದ್ದ ಯಾರೋ ಪುಣ್ಯಾತ್ಮರು ಒತ್ತು ಕೊಟ್ಟಿದಾರೆ.”

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಮುಂಚೆ ಇದ್ದವರ ತಲೆಗೆ ಕಟ್ಟಿ, ಅವನು ಕೇಳುವ ಮಾತಿಗೆ ‘ಹೂಂ’ ಅನ್ನಬಹುದಿತ್ತು. ಆದರೆ ಆ ದಿನ ಕಣ್ಣಿಗೆ ಕಟ್ಟಿತು. ‘ಪಾಪವಲ’ ಎಂದಿದ್ದುದನ್ನು ಕಂಡು ನಕ್ಕಿದ್ದಳು. ಒತ್ತು ಹಾಕಿ, ಪಕ್ಕದಲ್ಲಿ ‘ಸರಿ’ ಎಂದು ಗುರುತು ಮಾಡಿದ್ದಳು. ಅಕ್ಷರ ಓದಿದ್ದಳು, ಮಾತು ಓದಿರಲಿಲ್ಲ. ನಾಚಿಕೆಯೆಂದರೆ ಕೆನ್ನೆ ಬಿಸಿಯಾಗುವುದು ಎಂದುಕೊಂಡಿದ್ದವಳಿಗೆ, ಅಂಗಾಲಿನಿಂದ ತಣ್ಣಗೆ ಏರುವ ನಾಚಿಕೆಯೂ ಇದೆಯೆಂದು ಈಗ ತಿಳಿಯಿತು.

“ಒತ್ತು ಕೊಟ್ಟವಳು ನಾನೇ.”

“ತಮಾಷೆ ಮಾಡ್ಬೇಡಿ.”

“ಕೆಲಸಕ್ಕೆ ಸೇರಿದ ನಾಲ್ಕನೇ ದಿನ. ಒತ್ತಿನ ಬಾಲ ಹೀಗೆ ಉದ್ದ ಎಳೆಯೋಳು ನಾನೊಬ್ಳೇ. ನಿಮ್ಮ ಜೇಬಲ್ಲಿರೋದನ್ನ ತೆಗೆದು ನೋಡಿ.”

ಅವನು ಆಮಂತ್ರಣ ಬಿಡಿಸಿದ. ಗೋಡೆ ನೋಡಿದ. ಮತ್ತೆ ಕಾಗದ ನೋಡಿದ. ಅವಳನ್ನು ಮಾತ್ರ ನೋಡಲಿಲ್ಲ.

“ಕೇಳಬೇಕಿದ್ದ ಮಾತು ಇವತ್ತು ಬಾಯಿಗೆ ಬರ್ತಿಲ್ಲ,” ಎಂದ.

“ಬರೋದು ಬೇಡ. ನಾನು ಮೊದಲು ದರ್ಜಿಯವರ ಹತ್ರ ಹೋಗ್ಬೇಕು.”

“ಭಾನುವಾರ ಇಲ್ಲಿಗೇ ಬರ್ತಾರೆ ಅವರು.”

“ಬೇಡ. ನಾಲ್ಕು ಜನರ ಮುಂದೆ ಹೇಳಿದ್ರೆ ಅವರು ‘ಪರವಾಗಿಲ್ಲ ಬಿಡಮ್ಮ’ ಅನ್ನಲೇಬೇಕಾಗುತ್ತೆ. ಅವರ ಮನೇಲಾದ್ರೆ ಬೈಬಹುದು.”

ಆಗ ಅವನು ತಲೆಯೆತ್ತಿ ಅವಳನ್ನು ನೋಡಿದ.

“ಅವರು ಈಗಿರೋ ಮನೆ ಗೊತ್ತಾ?”

“ಇಲ್ಲ.”

ಅವನು ಚಪ್ಪಲಿ ಮೆಟ್ಟಿಕೊಂಡ. “ನಡೀರಿ, ತೋರಿಸ್ತೀನಿ. ಒಳಗೆ ಮಾತ್ರ ನೀವೊಬ್ರೇ ಹೋಗ್ಬೇಕು. ನಾನು ಹೊರಗೆ ನಿಂತಿರ್ತೀನಿ.”

“ಎಷ್ಟು ಹೊತ್ತಾಗುತ್ತೋ.”

“ಆಗ್ಲಿ.”