ರಾಜಚಕ್ರವೆಂಬ ಬಿರುದು

ಬಹಳ ಹಿಂದೆ, ಹೊಳೆಯೇ ರಾಜಬೀದಿಯಾಗಿದ್ದ ಒಂದು ನಾಡಿತ್ತು. ಅಲ್ಲಿನ ಹಬೆಹಡಗುಗಳಿಗೆ ಎರಡೂ ಮಗ್ಗುಲಲ್ಲಿ ದೊಡ್ಡ ಚಕ್ರ, ಮೂತಿಯ ಮೇಲೆ ಹೆಸರು, ಹೆಸರಿನ ಮುಂದೊಂದು ಬಿರುದು. ಪ್ರಜೆಗಳದಾದರೆ ‘ಹಬೆಚಕ್ರ’, ಅರಸನದಾದರೆ ‘ರಾಜಚಕ್ರ’. ಬಿರುದು ನೋಡಿಯೇ ಹಡಗು ಯಾರದೆಂದು ಹೊಳೆಗೂ ತಿಳಿಯುತ್ತಿತ್ತು.

ಹೊಳೆಯ ಸುಳಿಯಲ್ಲಿ ವಾಸವಾಗಿದ್ದ ಧೂಮಾಕ್ಷನೆಂಬ ಮಾಂತ್ರಿಕ ಒಮ್ಮೆ ಅರಸನ ಜ್ವರ ಇಳಿಸಿ, “ರಾಜಚಕ್ರವೆಲ್ಲ ನನಗಿರಲಿ” ಎಂದು ಕೇಳಿದ. ಇದ್ದದ್ದು ಒಂದೇ ಹಡಗು. ಅರಸ ಹೂಂ ಎಂದ. ಹಡಗು ಹೋಯಿತು, ಬಿರುದು ಖಾಲಿ ಬಿತ್ತು, ಜನಕ್ಕೆ ಆಸೆ ಹತ್ತಿತು. ಒಬ್ಬ ಅದನ್ನು ತನ್ನ ಹಡಗಿಗೆ ಬರೆಸಿದ, ಅವನನ್ನು ನೋಡಿ ಊರೆಲ್ಲ ಬರೆಸಿತು. ಆಸೆಗೆ ಮದ್ದಿಲ್ಲ, ಏನು ಮಾಡೋಣ. ‘ಹೊನ್ನಕ್ಕ’ ಹಡಗಿನ ತಾಂಡೇಲ ಬೊಮ್ಮಯ್ಯನೂ ಬರೆಸಿದ.

“ನಮಗ್ಯಾಕೆ ಅರಸರ ಬಿರುದು?” ಎಂದಳು ಹೆಂಡತಿ ಸಿರಿಯವ್ವ.

“ನಮ್ಮದೊಂದೇ ಬಡವಾಗಿ ಕಾಣಬೇಕೇನೆ?”

ಮರುದಿನ ಹಡಗುಗಳೆಲ್ಲ ಹಗ್ಗ ಹರಿದುಕೊಂಡು ತಾವಾಗಿ ಸುಳಿಯತ್ತ ಹೊರಟವು. ಹೊನ್ನಕ್ಕನಲ್ಲಿ ಅಡುಗೆ ಮಾಡುತ್ತಿದ್ದ ಸಿರಿಯವ್ವನೂ ಹೋದಳು.

ಬೊಮ್ಮಯ್ಯ ದಡ ಹಿಡಿದು ನಡೆದ, ನಡೆದ, ಕಾಲು ಬಾತುಕೊಂಡವು. ಮೊಸಳೆಯೊಂದು ಎದುರಾಗಿ, “ಮಹಾತಾಂಡೇಲರೇ, ಬೆನ್ನೇರಿ” ಎಂದಿತು.

“ನಾನು ಬರೀ ಬೊಮ್ಮಯ್ಯ. ದಾರಿ ಬಿಡಪ್ಪ.”

ಬಿರುದಿಗೆ ಓಗೊಟ್ಟಿದ್ದರೆ ಮಾಂತ್ರಿಕನ ಆಳಾಗುತ್ತಿದ್ದ. ಮೊಸಳೆ ಸಪ್ಪಗಾಗಿ ಮುಳುಗಿತು.

ಮುಂದೆ ಚಿನ್ನದ ಕೊಕ್ಕರೆ, “ನದೀನಾಯಕರೇ, ಕೂತು ದಣಿವಾರಿಸಿಕೊಳ್ಳಿ” ಎಂದಿತು. ಕೂರುವ ಆಸೆ ಅವನಿಗೆ ಬಹಳವಿತ್ತು.

“ನಾನು ಬರೀ ಬೊಮ್ಮಯ್ಯ. ದಾರಿ ಬಿಡವ್ವ.”

ಸುಳಿಯಲ್ಲಿ ಹಡಗುಗಳು ಗಾಣದೆತ್ತಿನಂತೆ ಸುತ್ತುತ್ತಿದ್ದವು. ನಡುವೆ ಅರಸನ ಹಡಗಿನ ಮೇಲೆ ಧೂಮಾಕ್ಷ ನಿಂತಿದ್ದ. “ರಾಜಾಧಿರಾಜ ಬೊಮ್ಮರಾಯರೇ, ಇವಕ್ಕೆಲ್ಲ ಒಡೆಯರಾಗಿ.”

“ನಾನು ಬರೀ ಬೊಮ್ಮಯ್ಯ. ನನ್ನ ಹೆಂಡತೀನ ಬಿಡು.”

“ರಾಜಚಕ್ರವೆಲ್ಲ ನನ್ನದು. ಅರಸನೇ ಕೊಟ್ಟದ್ದು.”

“ನಿಜ” ಎಂದ ಬೊಮ್ಮಯ್ಯ. ಹೊನ್ನಕ್ಕ ದಡಕ್ಕೆ ಹತ್ತಿರವಾದಾಗ ಹಾರಿ ಅದರ ಮೂತಿಗೆ ಜೋತುಬಿದ್ದು, ಚೂರಿಯಿಂದ ‘ರಾಜಚಕ್ರ’ವನ್ನು ಕೆರೆದ. ಅಡಿಯಲ್ಲಿ ಹಳೆಯ ‘ಹಬೆಚಕ್ರ’ ಕಂಡಿತು. ಹಡಗು ಅಲ್ಲೇ ನಿಂತಿತು.

ಸಿರಿಯವ್ವ ಉಳಿದ ಹಡಗುಗಳವರನ್ನು ಕೂಗಿದಳು: “ಬಿರುದು ಕೆರೀರಿ. ಚೂರಿ ಇಲ್ಲದಿದ್ರೆ ಸೌಟಲ್ಲೇ ಕೆರೀರಿ.”

ಕೆರೆದ ಹಡಗುಗಳು ಒಂದೊಂದಾಗಿ ಹೊರಬಂದವು. ಕೊನೆಗೆ ಉಳಿದದ್ದು ಧೂಮಾಕ್ಷ ನಿಂತಿದ್ದ ರಾಜಚಕ್ರವೊಂದೇ. ಅಷ್ಟೂ ಹಡಗುಗಳನ್ನು ಸುತ್ತಿಸುತ್ತಿದ್ದ ಸುಳಿಯ ಸೆಳೆತವೆಲ್ಲ ಅದೊಂದರ ಮೇಲೇ ಬಿತ್ತು. ಹಡಗು, ಮಾಂತ್ರಿಕ ಎರಡೂ ಒಳಗೆ ಹೋದವು, ಹೊಳೆ ಸಮನಾಯಿತು.

ಹಡಗುಗಳು ಊರಿಗೆ ಮರಳಿದಾಗ ಅರಸ ಜರತಾರಿ ಶಾಲು ಹಿಡಿದು ಹೊಳೆಯ ಕಟ್ಟೆಗೆ ಬಂದ. “ತಾಂಡೇಲನಿಗೆ ಯಾವ ಬಿರುದು ಕೊಡಲಿ?”

ಬೊಮ್ಮಯ್ಯ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

“ಮೆಲ್ಲಗೆ ಮಾತಾಡಿ ಬುದ್ಧಿ” ಎಂದಳು ಸಿರಿಯವ್ವ. “ಈಗ ನಿದ್ದೆ ಹತ್ತಿದೆ.”

ಅರಸ ಆ ಶಾಲನ್ನು ಅವನಿಗೆ ಹೊದಿಸಿ, ಸದ್ದಾಗದಂತೆ ಅರಮನೆಗೆ ನಡೆದ. ಅಂದಿನಿಂದ ಆ ನಾಡಿನವರೆಲ್ಲ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಸುಖವಾಗಿದ್ದರು.