ಅಪ್ಪನ ಸೀಟಿನ ತಗ್ಗು

"ಇಳೀರಿ ಮೇಡಂ. ಸೀಟು ನೋಡ್ಬೇಕು."

ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಾಗ ಅವಳು ಬೆಚ್ಚಿಬಿದ್ದಳು. ಕಣ್ಣೊರೆಸಿಕೊಳ್ಳಲೂ ಸಮಯ ಸಿಗಲಿಲ್ಲ.

ಶೆಡ್ಡಿನ ಮಬ್ಬು ಬೆಳಕಿನಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಕತ್ತಿನಲ್ಲಿ ಅಳತೆಯ ಟೇಪು, ಅಂಗಿಯ ಜೇಬಿಗೆ ಚುಚ್ಚಿಕೊಂಡ ಬಾಗಿದ ದಪ್ಪ ಸೂಜಿ.

"ಯಾರನ್ನ ಕೇಳಿ ಬಾಗಿಲು ತೆಗೆದ್ರಿ?"

"ನಿಮ್ಮ ತಾಯಿನ ಕೇಳಿ. 'ಶೆಡ್ಡಲ್ಲಿ ಒಂದು ಡಬ್ಬಾ ಇದೆ, ಅದರೊಳಗೆ ನನ್ನ ಮಗಳಿದ್ದಾಳೆ, ಎರಡೂ ರಿಪೇರಿ ಆಗುತ್ತಾ ನೋಡಪ್ಪಾ' ಅಂದ್ರು."

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತೇನೋ. ಆದರೆ ಅಂದಿಗೆ ಅಪ್ಪ ತೀರಿಕೊಂಡು ಸರಿಯಾಗಿ ವರ್ಷವಾಗಿತ್ತು.

"ಅಳ್ತಿದ್ರಾ?" ಅವನ ದನಿ ತಗ್ಗಿತು.

"ಇಲ್ಲ. ತುಕ್ಕಿನ ಪುಡಿ ಕಣ್ಣಿಗೆ ಬಿತ್ತು."

"ಎರಡೂ ಕಣ್ಣಿಗೆ ಒಟ್ಟಿಗೇನಾ?"

ಅವಳು ಮುಖ ತಿರುಗಿಸಿಕೊಂಡಳು. ಅವನು "ನಾಳೆ ಬರ್ತೀನಿ" ಎಂದು ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹೊರಟುಹೋದ.

ಆ ಬಾಗಿಲು ಹಾಗೆ ಮೆತ್ತಗೆ ಮುಚ್ಚಿಕೊಂಡಿದ್ದನ್ನು ಅವಳು ಅಪ್ಪನ ಕಾಲದ ನಂತರ ಕಂಡೇ ಇರಲಿಲ್ಲ...

ಅವಳ ಕೆಲಸ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ. ವೈದ್ಯರು ಕಳಿಸುವ ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರ್ ಎರೆದು, ಮೇಣ ತಿದ್ದಿ, ಹಲ್ಲು ಕೂರಿಸಿ ಹೊಳಪು ಕೊಡುವುದು. ಕಾರಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಸೊನ್ನೆ. ಆದರೂ ಅಪ್ಪನ ಹಳೆಯ ಕಾರನ್ನು ತಾನೇ ಸರಿಮಾಡುತ್ತೇನೆಂದು ಹಟ ಹಿಡಿದಿದ್ದಳು.

ಅಪ್ಪ ಅದನ್ನು ಕೊಂಡಾಗಲೇ ಅದು ಮುದಿ ಗಾಡಿ. ಆದರೂ ಎಷ್ಟೋ ವರ್ಷ ಓಡಿಸಿದ. ಕೊನೆಗೆ ಎಂಜಿನ್ ಬಿಗಿದುಕೊಂಡು ಶೆಡ್ಡು ಸೇರಿದ ಮೇಲೂ, ಅಪ್ಪ ಸಂಜೆಯಾದರೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದ. ಮೊಣಕೈ ಬಾಗಿಲಿಗೆ ಊರಿ, ಆ ಕಡೆಗೇ ವಾಲಿಕೊಂಡು.

"ಭಾನುವಾರ ಎಬ್ಬಿಸೋಣ ಕಣೇ ಇದನ್ನ. ನೀನು ಪಾನಾ ಹಿಡಿ, ನಾನು ಬೈಗುಳ ಹಿಡೀತೀನಿ."

"ಈ ಭಾನುವಾರ ಕೆಲಸ ಇದೆ ಅಪ್ಪಾ."

ಪ್ರತಿ ಭಾನುವಾರವೂ ಕೆಲಸವಿತ್ತು. ಒಂದು ದಿನ ಅಪ್ಪನೇ ಇರಲಿಲ್ಲ.

ಉಳಿದದ್ದು ಸೀಟಿನಲ್ಲೊಂದು ತಗ್ಗು. ಬಾಗಿಲ ಕಡೆಗೆ ಆಳ, ಒಳಗಡೆಗೆ ಏರು. ಅದರಲ್ಲಿ ಕೂತರೆ ಮೈ ತಾನಾಗಿ ಅಪ್ಪನ ಹಾಗೇ ವಾಲುತ್ತಿತ್ತು. ಯಾರೋ ತೊಡೆಯ ಮೇಲೆ ಕೂರಿಸಿಕೊಂಡಂತೆ!

ಸಂಜೆ ಕೆಲಸ ಮುಗಿಸಿ ಬಂದು ಅವಳು ಕೂರುತ್ತಿದ್ದದ್ದು ಅಲ್ಲಿ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸೀಟಿನವನು, ಕಾರಿನ ಸೀಟು ಹೊಲಿಯುವ ಅವನಿಗೆ ಅಮ್ಮ ಇಟ್ಟ ಹೆಸರೇ ಅದು, ಮರುದಿನ ಬಂದ. ಆಮೇಲೆ ಬರುತ್ತಲೇ ಇದ್ದ. ಮೊದಲು ಬಾಗಿಲ ಒಳಬದಿ, ನಂತರ ಚಾವಣಿಯ ಬಟ್ಟೆ.

ಅವಳು ಬಿಚ್ಚಿದ ಸ್ಕ್ರೂಗಳನ್ನೆಲ್ಲ ಹಲ್ಲಿನ ಸೆಟ್ಟಿನ ಡಬ್ಬಿಗಳಲ್ಲಿ ತುಂಬಿಟ್ಟಿದ್ದು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

"ಹಲ್ಲು ಮೇಡಂ, ಯಾವುದೋ ಅಜ್ಜನಿಗೆ ಹಲ್ಲಿನ ಬದಲು ಬಾಗಿಲ ಸ್ಕ್ರೂ ಹೋಗಿಬಿಟ್ಟೀತು!"

"ಗಟ್ಟಿಯಾಗಿ ಅಗೀತಾರೆ ಬಿಡಿ. ನಿಮಗೇನು ಕಷ್ಟ?"

"ಎಂಜಿನ್ ಎಲ್ಲಿಗೆ ಬಂತು?"

"ಒಳಗೆ ಎಣ್ಣೆ ಬಿಟ್ಟು ಕಾಯ್ತಿದ್ದೀನಿ. ಬಿಗಿದುಕೊಂಡಿರೋದನ್ನ ಜೋರು ಮಾಡಿ ತಿರುಗಿಸಬಾರದಂತೆ. ತಾನಾಗಿ ಬಿಡಬೇಕಂತೆ."

"ಎಷ್ಟು ದಿನ?"

"ಬಿಡೋವರೆಗೂ."

ಅವನು ಅವಳನ್ನೇ ನೋಡಿದ. "ಕಾಯೋದು ನನಗೂ ಅಭ್ಯಾಸ ಇದೆ" ಎಂದು ಸೂಜಿಗೆ ದಾರ ಪೋಣಿಸತೊಡಗಿದ.

ಅವಳು ಓರೆಗಣ್ಣಿನಿಂದ ಅವನನ್ನು ನೋಡಿದಳು. 'ಸೂಜಿಗೆ ಹೇಳಿದ್ದೋ, ನನಗೆ ಹೇಳಿದ್ದೋ?'

ಪಕ್ಕದ ಸೀಟು ಮೊದಲು ತಯಾರಾಯಿತು. ಕಾರು ಹತ್ತಿದರೆ ಅಮ್ಮನಿಗೆ ಹೊಟ್ಟೆ ತೊಳೆಸುತ್ತಿದ್ದರಿಂದ ಅದರಲ್ಲಿ ಯಾರೂ ಹೆಚ್ಚು ಕೂತವರಲ್ಲ. ಒಳಗಿನದೆಲ್ಲ ಗಟ್ಟಿಯಾಗಿತ್ತು. ಅವನು ಹರಿದ ಹೊದಿಕೆ ತೆಗೆದು, ಅದೇ ಕಂದು ಬಣ್ಣದ ಹೊಸ ಹೊದಿಕೆ ಹೊಲಿದುಕೊಟ್ಟ.

ಅವಳು ಕೈಯಾಡಿಸಿ ನೋಡಿದಳು. ಎಷ್ಟು ಚೆಂದ!

"ಡ್ರೈವರ್ ಸೀಟನ್ನೂ ಇದೇ ಥರ ಮಾಡಿಕೊಡ್ತೀರಾ?"

"ಇದಕ್ಕಿಂತ ಚೆನ್ನಾಗಿ ಮಾಡ್ತೀನಿ. ಅಂಗಡಿಗೆ ತಗೊಂಡು ಹೋಗ್ಬೇಕು."

ಪಾಪ, ಹೊದಿಕೆಯಷ್ಟೇ ಬದಲಾಗುತ್ತದೆ ಎಂದುಕೊಂಡಿದ್ದಳು ಅವಳು. ಕಣ್ಣೆದುರು ನಡೆದದ್ದು ಅಷ್ಟೇ ತಾನೇ?

ಒಂದು ವಾರದ ನಂತರ ಅವನು ಸೀಟನ್ನು ಹೆಗಲ ಮೇಲೆ ಹೊತ್ತು ತಂದ. ಮುಖದಲ್ಲಿ ಹಬ್ಬ. ಸೀಟು ಕೂರಿಸಿ, ಬೋಲ್ಟು ಬಿಗಿದು, "ಬನ್ನಿ, ಕೂತು ನೋಡಿ" ಎಂದ.

ಅವಳು ಕೂತಳು.

ಸೀಟು ಸಮತಟ್ಟಾಗಿತ್ತು. ಮೈ ಎಲ್ಲಿಗೂ ವಾಲಲಿಲ್ಲ. ಆ ಕಡೆ ಸರಿದು ನೋಡಿದಳು, ಈ ಕಡೆ ಸರಿದು ನೋಡಿದಳು. ಎಲ್ಲೆಲ್ಲೂ ಒಂದೇ ಎತ್ತರ...

"ಏನ್ಮಾಡಿದ್ರಿ ಇದಕ್ಕೆ?"

"ಒಳಗೆಲ್ಲ ಕುಸಿದಿತ್ತು ಮೇಡಂ. ಸ್ಪ್ರಿಂಗು, ನಾರು ಎಲ್ಲ ಹೊಸದು ಹಾಕಿದೀನಿ. ಕುಸಿದ ಸೀಟಿನ ಮೇಲೆ ಹೊಸ ಬಟ್ಟೆ ಹೊಲಿಯೋದು ನಮ್ಮ ಕಸುಬಿನಲ್ಲೇ ಇಲ್ಲ. ನೀವು ಬೇರೆ ದಿನವಿಡೀ ಬಗ್ಗಿ ಕೆಲಸ ಮಾಡೋರು, ಸೊಂಟಕ್ಕೆ..."

"ಹಳೇದೆಲ್ಲಿ?"

"ಗುಜರಿಗೆ ಹಾಕಿದೆ."

ಅವಳು ಕಾರಿನಿಂದ ಧಡಕ್ಕನೆ ಇಳಿದಳು.

ದಿನವಿಡೀ ಕಂಡರಿಯದವರ ಬಾಯಿಯ ಅಚ್ಚುಗಳ ನಡುವೆ ಕೂರುವವಳು. ಅಪ್ಪ ಕೂತ ಜಾಗದ ಒಂದು ಅಚ್ಚು ತೆಗೆದಿಟ್ಟುಕೊಳ್ಳಬೇಕೆಂದು ಹೊಳೆಯಲೇ ಇಲ್ಲವಲ್ಲ!

"ಅದು ಅಪ್ಪ ಕೂತು ಕೂತು ಬಿದ್ದ ತಗ್ಗು! ಅಪ್ಪ ಅಂತ ಈ ಮನೆಯಲ್ಲಿ ಉಳಿದಿದ್ದು ಅದೊಂದೇ! ಆಸ್ಪತ್ರೆಯಿಂದ ಅಪ್ಪ ವಾಪಸ್ ಬರಲಿಲ್ಲ. ಉಳಿದಿದ್ದನ್ನ ನೀವು ಗುಜರಿಗೆ ಹಾಕಿದ್ರಿ!"

ಅವನ ಮುಖದ ಹಬ್ಬ ಮಾಯವಾಯಿತು. "ನನಗೆ ಗೊತ್ತಿರಲಿಲ್ಲ..."

"ತಗೊಂಡು ಹೋಗಿ ಇದನ್ನ! ನೀವೂ ಹೋಗಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಒಂದೊಂದಾಗಿ ಬೋಲ್ಟು ಬಿಚ್ಚಿದ. ಸೀಟನ್ನು ಹೆಗಲಿಗೇರಿಸಿದ. ಅಮ್ಮ ಬಾಗಿಲಲ್ಲಿ ನಿಂತು, "ಏನಾಯ್ತಪ್ಪಾ?" ಎಂದರೆ, "ತಪ್ಪಾಯ್ತಮ್ಮಾ" ಎಂದಷ್ಟೇ ಹೇಳಿ ಹೊರಟುಹೋದ.

ಆಮೇಲೆ ಶೆಡ್ಡಿನಲ್ಲಿ ಮಾತಿಲ್ಲ, ನಗುವಿಲ್ಲ. ಡ್ರೈವರ್ ಸೀಟಿದ್ದ ಕಡೆ ಬರೀ ತಗಡಿನ ನೆಲ. ಅವಳು ಒಂದು ಪ್ಲಾಸ್ಟಿಕ್ ಸ್ಟೂಲಿಟ್ಟು ಕೂತು ನೋಡಿದಳು. ಸ್ಟೂಲು ಸ್ಟೂಲೇ.

ಅವಳಿಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಸಂಜೆ ಗೇಟಿನ ಸದ್ದಾದರೆ ಕಿವಿ ನೆಟ್ಟಗಾಗುತ್ತಿತ್ತು. 'ಅಪ್ಪನಿಗಾಗಿ ಅಳ್ತಿದ್ದೀನಾ? ಅಥವಾ... ಛೇ!'

ಒಂದು ಸಂಜೆ ತಾಳ್ಮೆಯ ಕಟ್ಟೆಯೊಡೆಯಿತು. ಎಂಜಿನ್ನಿನ ಮುಂದಿನ ಬೋಲ್ಟಿಗೆ ಪಾನಾ ಹಾಕಿ, ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ಎಳೆದಳು. ಎಂಜಿನ್ ತಿರುಗಲಿಲ್ಲ. ಬೋಲ್ಟಿನ ತಲೆ ಕಿತ್ತುಬಂತು. ಅವಳು ಬಿದ್ದಳು, ಅಂಗೈ ಹರಿಯಿತು.

ಸದ್ದಿಗೆ ಓಡಿಬಂದ ಅಮ್ಮ ಸೆರಗಿನಿಂದಲೇ ಕೈ ಕಟ್ಟಿದಳು.

"ಕಾಯ್ಬೇಕು ಅಂತ ಊರಿಗೆಲ್ಲ ಪಾಠ ಹೇಳಿದ್ದು ನೀನೇ ಅಲ್ವಾ?"

"ಅಮ್ಮಾ, ಸುಮ್ನಿರು."

"ಸುಮ್ನಿದ್ದೇ ಇಷ್ಟೆಲ್ಲ ಆಗಿದ್ದು. ಆ ತಗ್ಗು ಮುಟ್ಟಬೇಡಪ್ಪಾ ಅಂತ ಅವನಿಗೆ ಹೇಳಿದ್ಯಾ ನೀನು?"

"ಹೇಳ್ಬೇಕಿತ್ತಾ? ನೋಡಿದ್ರೆ ಗೊತ್ತಾಗಲ್ವಾ?"

"ನೋಡಿದ್ರೆ ಅವನಿಗೆ ಗೊತ್ತಾಗೋದು ಮುರಿದ ಸ್ಪ್ರಿಂಗು. ಊರವರ ಬಾಯಿಗೆಲ್ಲ ಹಲ್ಲು ಕೂರಿಸ್ತೀಯಾ, ನಿನ್ನ ಬಾಯಿ ಮಾತ್ರ ಬಿಡಲ್ಲ!"

ಅವಳು ತಲೆ ತಗ್ಗಿಸಿದಳು. ಅಮ್ಮ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಆ ಸೀಟಲ್ಲಿ ನಿಮ್ಮಪ್ಪ ಇದ್ರು ಅಂತ ನಿನಗೊಬ್ಬಳಿಗೇ ಗೊತ್ತು ಅಂದ್ಕೊಂಡ್ಯಾ? ನೀನು ಕೆಲಸಕ್ಕೆ ಹೋದ ಮೇಲೆ ನಾನೂ ಹೋಗಿ ಕೂರ್ತಿದ್ದೆ ಕಣೇ. ಅವರಿದ್ದಾಗ ಒಂದಿನಾನೂ ಖುಷಿಯಿಂದ ಹತ್ತಲಿಲ್ಲ... ಹೋದ ಮೇಲೆ ದಿನಾ ಹತ್ತಿದೆ."

"ಅಮ್ಮಾ...! ನನಗ್ಯಾಕೆ ಹೇಳಲಿಲ್ಲ?"

"ನೀನು ಹೇಳಿದ್ಯಾ?"

ಇಬ್ಬರೂ ಎಣ್ಣೆ ಜಿಡ್ಡಿನ ನೆಲದ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಒಂದು ವರ್ಷದ ಅಳು ಅದು.

ಕಣ್ಣೊರೆಸಿಕೊಂಡು ಅಮ್ಮ ಹೇಳಿದಳು. "ಸತ್ತವರ ಜಾಗದಲ್ಲಿ ನಾವು ಕೂತಿದ್ದು ಸಾಕು. ಬದುಕಿರೋನನ್ನ ನಿಂತ ಕಾಲಲ್ಲೇ ಓಡಿಸಿದ್ದೀಯಲ್ಲ, ಹೋಗಿ ಕರ್ಕೊಂಡು ಬಾ."

ಮರುದಿನ ಮಧ್ಯಾಹ್ನ ಅವಳು ಅವನ ಅಂಗಡಿ ಹುಡುಕಿಕೊಂಡು ಹೋದಳು. ಕಿರಿದಾದ ಕೋಣೆ. ಗೋಡೆಗೆ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಹೊಲಿಗೆ ಯಂತ್ರ.

ನಡುವೆ ಅಪ್ಪನ ಸೀಟು. ಹೊದಿಕೆ ಬಿಚ್ಚಿತ್ತು. ಅದರ ಮೇಲೆ, ಒಂದೇ ಪಕ್ಕಕ್ಕೆ, ಎರಡು ಮರಳಿನ ಮೂಟೆ!

"ಇದೇನಿದು?"

ಅವನು ದಡಬಡಿಸಿ ಎದ್ದ. ಕಳ್ಳತನದಲ್ಲಿ ಸಿಕ್ಕಿಬಿದ್ದವನಂತಿದ್ದ.

"ಗುಜರಿಯವನ ಹತ್ರ ಹೋಗಿದ್ದೆ. ಹಳೇ ಸ್ಪ್ರಿಂಗು ಕರಗಿಸೋಕೆ ಹೋಗಿಬಿಟ್ಟಿತ್ತು. ಅದಕ್ಕೆ... ನೀವು ಕೂರೋವಾಗ ಬಾಗಿಲ ಕಡೆ ವಾಲ್ತಿದ್ರಲ್ಲ, ಆ ಅಂದಾಜಿನ ಮೇಲೆ ಭಾರ ಇಟ್ಟೆ. ದಿನಾ ಮೂಟೆ ಸರಿಸಿ ನೋಡ್ತೀನಿ. ತಗ್ಗೇನೋ ಬೀಳ್ತಿದೆ ಮೇಡಂ..." ಅವನು ಮೂಟೆಯ ಮೇಲೆ ಕೈಯಿಟ್ಟ. "ಆದರೆ ಅದು ಮರಳಿನ ತಗ್ಗು. ನಿಮ್ಮಪ್ಪಂದಲ್ಲ."

ಅವಳು ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಸ್ವಂತ ಕೆಲಸವನ್ನು ತನ್ನ ಕೈಯಾರೆ ಕೆಡಿಸುತ್ತ ಕೂತಿದ್ದ ಈ ಮನುಷ್ಯ... ತನಗೋಸ್ಕರ!

"ಮೂಟೆ ತೆಗೀರಿ" ಎಂದಳು ಮೆಲ್ಲಗೆ.

"ಇನ್ನೂ ಒಂದು ವಾರ ಬಿಟ್ರೆ..."

"ತೆಗೀರಿ ಅಂದೆ. ನಾನು ಹೇಳದೇ ಇದ್ದಿದ್ದು ನಿಮಗೆ ಹೇಗೆ ಗೊತ್ತಾಗಬೇಕಿತ್ತು? ತಪ್ಪು ನಂದು. ನೀವು ಮಾಡಿದ ಹಾಗೇ ಸಮ ಮಾಡಿ ತಂದುಕೊಡಿ. ಅಪ್ಪ... ಹೋಗಿಬಿಟ್ಟ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಭಾನುವಾರ ಅವನು ಸೀಟು ತಂದು ಕೂರಿಸಿದ. ಎಂಜಿನ್ ಇನ್ನೂ ಅಲುಗಾಡಿರಲಿಲ್ಲ. ಮುರಿದ ಬೋಲ್ಟು ಹಾಗೇ ಇತ್ತು. ಹೊರಗೆ ಮೋಡ ಮುಸುಕಿದ ಬೆಳಕು.

ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ಗಟ್ಟಿಯಾಗಿತ್ತು, ಅಪರಿಚಿತವಾಗಿತ್ತು. ಕಣ್ಣು ತುಂಬಿತು. ಈ ಸಲ ಒರೆಸಿಕೊಳ್ಳಲಿಲ್ಲ.

"ತುಕ್ಕಾ?" ಅವನು ಹೊರಗೆ ನಿಂತೇ ಕೇಳಿದ.

"ಅಲ್ಲ. ಅಳ್ತಿದ್ದೀನಿ." ಅವಳು ಪಕ್ಕದ ಸೀಟನ್ನು ತಟ್ಟಿದಳು. "ಇದರಲ್ಲಿ ಯಾವತ್ತೂ ಯಾರೂ ಸರಿಯಾಗಿ ಕೂತಿಲ್ಲ. ಇಲ್ಲೊಂದು ತಗ್ಗು ಬೀಳೋಕೆ ಎಷ್ಟು ವರ್ಷ ಬೇಕು?"

ಅವನು ಬಗ್ಗಿ ಆ ಸೀಟನ್ನು ಗಂಭೀರವಾಗಿ ದಿಟ್ಟಿಸಿದ. "ದಿನಾ ಕೂತ್ರೆ ಇಪ್ಪತ್ತು ವರ್ಷ. ನಾನು ಸಣಕಲ... ಇಪ್ಪತ್ತೈದು ಹಿಡೀಬಹುದು."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು. ಕಿವಿ ಕೆಂಪಾಯಿತು.

"ಹಾಗಾದ್ರೆ ತಡ ಮಾಡಬೇಡಿ" ಎಂದಳು ಅವಳು. "ಇವತ್ತಿಂದಲೇ ಶುರು ಮಾಡಿ."

ಅವನು ಕಾರನ್ನು ಬಳಸಿಕೊಂಡು ಬಂದ. ಒಳಗೆ ಕೂತು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಹೊರಡದ ಕಾರಿನಲ್ಲಿ ಇಬ್ಬರೂ ಶೆಡ್ಡಿನ ಗೋಡೆಯನ್ನೇ ನೋಡುತ್ತ ಕೂತರು.

"ಮೇಡಂ..."

"ಮೇಡಂ ಅನ್ನಬೇಡಿ."

"ಸರಿ. ಒಂದು ಅನುಮಾನ. ನೇರ ಕೂರ್ಲಾ, ವಾಲಿಕೊಂಡು ಕೂರ್ಲಾ?"

ಅವಳು ಅವನ ಕಡೆ ತಿರುಗಲಿಲ್ಲ. ಬಟ್ಟೆ ಕಟ್ಟಿದ ಅಂಗೈಯನ್ನು ನಡುವೆ ಇಟ್ಟಳು.

"ವಾಲಿ. ಈ ಕಡೆಗೆ."