ನಲವತ್ತೆರಡು ಫೋಟೋ, ಒಂದೇ ಮುಖ

ನಲವತ್ತೆರಡು ಫೋಟೋಗಳಲ್ಲಿ ನಾಟಕದ ಮಹಾರಾಜ, ಅಂದರೆ ನಮ್ಮಪ್ಪ ಸೋಮಪ್ಪ, ಬರೀ ಹೊಗೆಯಂತೆ ಕಾಣುತ್ತಿದ್ದ. ರಾಣಿಗೆ ಮುಖವೇ ಇರಲಿಲ್ಲ. ಮಂತ್ರಿಗೆ ನಾಲ್ಕು ಕೈ. ಸೇನಾಪತಿ ಮೌನೇಶನ ರೆಪ್ಪೆಗಳನ್ನು ಮಾತ್ರ ಬೇಕಾದರೆ ಎಣಿಸಬಹುದಿತ್ತು.

ನನ್ನ ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಕಂಡಿದ್ದವು. ಭಾನುವಾರ ನಾಟಕ ಮುಗಿದದ್ದೇ ಅಷ್ಟನ್ನೂ ನಾಟಕದವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ಸೋಮವಾರ ಬೆಳಗಾಗುವಷ್ಟರಲ್ಲಿ ದಾಂಡೇಲಿಯ ಮಿಲ್ ಕಾಲೊನಿಗೆಲ್ಲ ನನ್ನ ಗುಟ್ಟು ಗೊತ್ತಾಗಿತ್ತು. ಡಂಗುರ ಸಾರಿದವಳು ನಾನೇ!

ನಾಟಕ ನಡೆಯುವ ನಮ್ಮ ಕಾಲೊನಿಯ ಹಾಲ್‌ನಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಹೊಡೆದರೆ ನಟರು ಮಾತು ಮರೆಯುತ್ತಾರೆಂದು ನಾಟಕ ಆಡಿಸುವ ಅಪ್ಪನೇ ಬೇಡವೆಂದಿದ್ದ. ನನ್ನದೋ ಅಂಗೈಯಗಲದ ಕ್ಯಾಮೆರಾ. ಮಂದ ಬೆಳಕಿನಲ್ಲಿ ಫೋಟೋ ಹಿಡಿಯಲು ಅದಕ್ಕೆ ಹೊತ್ತು ಬೇಕು, ಅಷ್ಟರಲ್ಲಿ ಎದುರಿನವರು ಅಲುಗಿದರೆ ಮುಖವೆಲ್ಲ ಕಲಸುಮೇಲೋಗರ. ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು, ನಟ ನಿಲ್ಲುವ ಗಳಿಗೆಗೆ ಕಾಯಬೇಕು. ಮೌನೇಶ ಯಾವ ಮಾತಿಗೆ ನಿಲ್ಲುತ್ತಾನೆ, ಯಾವಾಗ ಗದ್ದ ಎತ್ತುತ್ತಾನೆ ಎಂಬುದು ಒಂದು ತಿಂಗಳ ತಾಲೀಮಿನಲ್ಲಿ ದಿನವೂ ಫೋಟೋ ತೆಗೆದು ನನಗೆ ಬಾಯಿಪಾಠವಾಗಿತ್ತು. ಉಳಿದವರನ್ನು ನಾನು ನೋಡಿರಲೇ ಇಲ್ಲ.

"ಇಷ್ಟ ಸಣ್ಣ ಕ್ಯಾಮೆರಾದಾಗ ನಾ ಹಿಡಸ್ತೇನೇನ್ರಿ?" ಎಂದು ಮೌನೇಶ ಒಮ್ಮೆ ಕೇಳಿದ್ದ.

"ನೀವು ಹಿಡಸ್ತೀರಿ. ಮೀಸಿ ಹೊರಗ ಉಳೀತೈತಿ."

ವೇಷಕ್ಕೆ ಹಚ್ಚಿದ ಆ ಮೀಸೆಯ ಕೆಳಗೇ ನಕ್ಕಿದ್ದ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಸೋಮವಾರ ಅಪ್ಪ ಚಹಾ ಕಪ್ಪನ್ನು ಕುಕ್ಕಿದ. "ಸಂಜಿಕ ಎಲ್ಲಾರೂ ಹಾಲ್‌ಗೆ ಬರ್ತಾರ. ಕ್ಯಾಮೆರಾ ಕೆಟ್ಟಿತ್ತು ಅಂತ ಹೇಳು."

"ಕೆಟ್ಟಿಲ್ಲಪ್ಪಾ."

"ಆ ಮೌನೇಶ ಮುಂಡಗೋಡ ಕಡೆಯಿಂದ ಗುತ್ತಿಗಿ ಕೆಲಸಕ್ಕ ಬಂದಾವ. ಇವತ್ತ ಇಲ್ಲಿ, ನಾಳೆ ಎಲ್ಲೋ. ತಿಳೀತೇನ?"

ಅವ್ವ ಮೆಲ್ಲಗೆ ಅಂದಳು, "ಮಂದಿ ಬಾಯಿ ಮುಚ್ಚಸಾಕ ಒಂದು ಸುಳ್ಳು ಹೇಳಿದ್ರ ಏನಾಕ್ಕೈತಿ ಸ್ವಪ್ನಾ?"

ಏನಾಗುತ್ತದೆಂದು ನನಗೆ ಗೊತ್ತಿತ್ತು. ಒಂದು ಸಲ ಇಲ್ಲವೆಂದರೆ ಜೀವನಪೂರ್ತಿ ಇಲ್ಲವೆನ್ನುತ್ತಲೇ ಇರಬೇಕು.

ಸಂಜೆ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ಮೌನೇಶ ಬಾಗಿಲ ಹತ್ತಿರ ನಿಂತಿದ್ದ. ಅಪ್ಪ ಕಣ್ಸನ್ನೆ ಮಾಡಿದ. ಎದ್ದೆ.

"ಕ್ಯಾಮೆರಾ ಚೊಲೋನ ಐತಿ," ಅಂದೆ. "ನಾ ಮೌನೇಶನ್ನ ನೋಡ್ತಿದ್ದೆ. ಇನ್ನ ಮ್ಯಾಲೂ ನೋಡ್ತೇನಿ. ನಂಗ ಅವ ಬೇಕು."

ಮಂತ್ರಿ ಪಾತ್ರದ ಲೋಕೇಶನಿಗೆ ಕೆಮ್ಮು ಬಂತು. ಉಳಿದವರು ಅಪ್ಪನ ಮುಖ ನೋಡಿದರು. ಮೌನೇಶ ನಡುವೆ ಬಂದು ನಿಂತ.

"ಕಾಕಾ, ಮಾತು ಮುಗದ ಮ್ಯಾಲೂ ಯಾಕ ನಿಂತಿ ಅಂತ ತಾಲೀಮಿನಾಗ ದಿನಾ ಬೈತಿದ್ರಿ. ನಾ ಮರೆತು ನಿಂತಿರಲಿಲ್ರಿ."

"ಮತ್ತ?"

"ಸ್ವಪ್ನಾನ ಫೋಟೋ ಕೆಡಬಾರದಂತ ನಿಲ್ತಿದ್ದೆ."

ಒಂದು ತಿಂಗಳು ಅವನನ್ನು ಕದ್ದು ನೋಡುತ್ತಿದ್ದೇನೆಂದುಕೊಂಡಿದ್ದೆ. ಅವನು ನನಗಾಗಿಯೇ ನಿಂತಿದ್ದ, ದಿನವೂ ಬೈಸಿಕೊಂಡು.

ಅಪ್ಪ ಎದ್ದ. "ನಾಳಿಂದ ಇಬ್ಬರೂ ಈ ಹಾಲ್‌ಗೆ ಕಾಲಿಡಬ್ಯಾಡ್ರಿ!"

"ಬರ್ತೇವ್ರಿ ಕಾಕಾ," ಎಂದ ಮೌನೇಶ. ದನಿ ಏರಿರಲಿಲ್ಲ. "ಇಬ್ಬರೂ ಕೂಡೇ ಬರ್ತೇವಿ."

ಕುರ್ಚಿಗಳನ್ನು ಸರಿಸಿಕೊಂಡು ಅವನ ಪಕ್ಕಕ್ಕೆ ಹೋದೆ. ಅಪ್ಪ ನೋಡಲಿ ಎಂದೇ ಭುಜಕ್ಕೆ ಭುಜ ತಾಗಿಸಿ ನಿಂತೆ.